ಒತ್ತುವ ಮುಂಚೆ ತೋರಿಸಿ

ಮೊಬೈಲ್ ಅಂಗಡಿ ಇಟ್ಟವನಿಗೆ ಕಳ್ಳರ ಮೇಲೆ ಸಿಟ್ಟು ಬರುವುದಿಲ್ಲ. ಅವರ ಕೆಲಸ ಅವರು ಅಚ್ಚುಕಟ್ಟಾಗಿ ಮಾಡುತ್ತಾರೆ. ತಲೆ ಚಚ್ಚಿಕೊಳ್ಳೋಣ ಅನ್ನಿಸುವುದು ಗಿರಾಕಿಗಳನ್ನು ನೋಡಿದಾಗ. ಬೆಂಗಳೂರಿನ ಸಿಂಗಸಂದ್ರದ ನನ್ನ ಅಂಗಡಿಯಲ್ಲಿ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತದೆ. ಜನ ಸುಧಾರಿಸುತ್ತಾರೆ ಅಂತ ಬರೆಯುತ್ತಿಲ್ಲ. ಆ ಆಸೆ ಬಿಟ್ಟು ಬಹಳ ದಿನವಾಯಿತು.

೧. ಕರಾರು

ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದ ಹೊಸತು. ಅದರ ಬೆನ್ನಿಗೇ ಮೋಸದ ಮೆಸೇಜುಗಳೂ ಬಂದವು. ಅದರಲ್ಲಿರುವ ಲಿಂಕ್ ಒತ್ತಿ, ಕೇಳಿದ್ದನ್ನೆಲ್ಲ ತುಂಬಿದರೆ ಬ್ಯಾಂಕ್ ಖಾತೆ ಖಾಲಿ. ನಾನು ಒಂದು ರಟ್ಟಿನ ಮೇಲೆ ‘ಒತ್ತುವ ಮುಂಚೆ ತೋರಿಸಿ’ ಅಂತ ಬರೆದು ನೇತುಹಾಕಿದೆ. ನೋಡಿ ಹೇಳುವುದಕ್ಕೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಧರ್ಮಕ್ಕೆ ಅಂದುಕೊಳ್ಳಬೇಡಿ. ಫೋನ್ ಕೈಗೆ ಬಂದ ಮೇಲೆ ‘ಗ್ಲಾಸ್ ಸೀಳಿದೆಯಲ್ಲ’ ಅಂತ ಒಂದು ಮಾತು ಅಂದರೆ ಸಾಕು, ಅರ್ಧಕ್ಕರ್ಧ ಜನ ಹೊಸದು ಹಾಕಿಸಿಕೊಂಡೇ ಹೋಗುತ್ತಿದ್ದರು.

ಆ ರಟ್ಟೇ ನನ್ನ ಕೊರಳಿಗೆ ಬಿತ್ತು. ಕಟ್ಟಡದ ಯಜಮಾನರು ಊರಿನ ಹಳೇ ಕುಳ. ರಸ್ತೆಗೆ ಹೋದ ಜಮೀನಿನ ಪರಿಹಾರ ಪೂರ್ತಿ ಅವರ ಖಾತೆಯಲ್ಲಿತ್ತು, ಖಾತೆ ಅವರ ಫೋನಿನಲ್ಲಿತ್ತು. ಕಟ್ಟಡ ಮಾತ್ರ ಹೆಂಡತಿಯ ಹೆಸರಿನಲ್ಲಿ. ನನ್ನ ಬಾಡಿಗೆ ಕರಾರು ಮುಗಿಯುತ್ತಿದ್ದ ತಿಂಗಳು ಆ ಅಮ್ಮ ಅಂಗಡಿಗೇ ಬಂದರು.

"ಸೆಟ್ರೇ, ನಮ್ ಮನೆಯೋರು ಕಂಡಿದ್ದನ್ನೆಲ್ಲ ಒತ್ತೋ ಪೈಕಿ. ಇನ್ಮೇಲೆ ಆ ಫೋನು ನಿಮ್ ಜವಾಬ್ದಾರಿ. ತಿಂಗ್ಳು ಮುಗಿಯೋವರ್ಗೂ ದುಡ್ಡು ಉಳೀತು ಅಂದ್ರೆ ಇನ್ನೈದು ವರ್ಷ ಇರಿ. ಓಯ್ತು ಅಂದ್ರೆ ನೀವೂ ಓಗಿ."

ಎಸ್‌ಟಿಡಿ ಬೂತಿನ ಕಾಲದಿಂದ ಕೂತ ಜಾಗ. ಒಪ್ಪಿಕೊಂಡೆ.

ಮಾರನೇ ಬೆಳಿಗ್ಗೆಯೇ ಯಜಮಾನರು ಫೋನ್ ಹಿಡಿದು ಬಂದರು. ‘ನಿಮಗೆ ಕಾರು ಬಹುಮಾನ ಬಂದಿದೆ’ ಅಂತ ಮೆಸೇಜು, ಕೆಳಗೊಂದು ಲಿಂಕು.

"ಇದು ಮೋಸ ಯಜಮಾನ್ರೇ. ಒತ್ತಿಲ್ಲ ತಾನೇ?"

"ಇಲ್ಲಪ್ಪ. ನಿಮ್ಮನ್ನ ಕೇಳ್ದೆ ಒತ್ತಕ್ಕಾಯ್ತದಾ?"

ಹೋದ ಜೀವ ಬಂತು. ಆಗ ಆಚೆ ಕಣ್ಣು ಹೋಯಿತು. ಮಹಡಿ ಮೇಲೆ ಯಜಮಾನರದೇ ಪಿಜಿಯಲ್ಲಿ ಬಾಡಿಗೆಗಿದ್ದ ಹುಡುಗರ ಬೈಕುಗಳೆಲ್ಲ ಕಾಂಪೌಂಡಿನಿಂದ ಆಚೆ ರಸ್ತೆಯಲ್ಲಿ ನಿಂತಿದ್ದವು. ಯಾಕೆ ಅಂತ ಕೇಳಿದೆ.

"ಮತ್ತೆ ಕಾರು ಎಲ್ಲಿ ನಿಲ್ಸೋದು ಸೆಟ್ರೇ?"

೨. ಮಾತು ಕೇಳಿದವನು

ಯಜಮಾನರ ಮನೆಯ ಹಿಂದಿನ ಶೆಡ್ಡಿನಲ್ಲಿ ರಾಯಚೂರು ಕಡೆಯ ಗಾರೆ ಮೇಸ್ತ್ರಿಯೊಬ್ಬ ಬಾಡಿಗೆಗಿದ್ದ. ನಾನು ಹೇಳಿದ್ದನ್ನು ಶ್ರದ್ಧೆಯಿಂದ ಕೇಳಿದ ಗಿರಾಕಿ ಅಂದರೆ ಅವನೊಬ್ಬನೇ. "ಫೋನಿಗೆ ಬರೋ ಓಟಿಪಿ ನಂಬರನ್ನ ಯಾರಿಗೂ ಹೇಳ್ಬೇಡ. ಗುರುತಿಲ್ಲದ ಮೆಸೇಜು ಬಂದ್ರೆ ಅಳಿಸಿಬಿಡು," ಅಂದಿದ್ದೆ. ಅವನು ತಲೆ ಅಲ್ಲಾಡಿಸಿಕೊಂಡು ಕೇಳಿದ್ದ.

ಒಂದು ಮಧ್ಯಾಹ್ನ ಹೊಸ ಖಾತೆ ಮಾಡಿಸಲು ಬ್ಯಾಂಕಿಗೆ ಹೋದವನು ಬರಿಗೈಯಲ್ಲಿ ವಾಪಸ್ ಬಂದ.

"ಯಾಕಪ್ಪಾ, ಆಗಲಿಲ್ವಾ?"

"ಇಲ್ರಿ ಅಣ್ಣಾರ. ಆ ಮೇಡಮ್ಮಾರು ಫೋನಿಗೆ ನಂಬರ ಬಂತಾ, ಹೇಳು ಅಂದ್ರು. ನಾ ಅಳಿಸಿಬಿಟ್ಟೆ. ಮತ್ತ ಕಳಿಸಿದ್ರು, ಮತ್ತ ಅಳಿಸಿದೆ. ಮೂರನೇ ಸಲ ಬೈದ್ರರಿ."

"ಅವರು ಬ್ಯಾಂಕಿನವರೇ ಅಲ್ವೇನಯ್ಯಾ?"

"ಮೋಸ ಮಾಡಾವ್ರೆಲ್ಲ ಬ್ಯಾಂಕಿನವ್ರು ಅಂತನಾ ಹೇಳ್ತಾರ ಅಂತ ನೀವಾ ಹೇಳೀರಲ್ರಿ."

"ನೀನು ಬ್ಯಾಂಕಿನ ಒಳಗೇ ಕೂತಿದ್ಯಲ್ಲೋ."

"ಅದಕ್ಕ ಹೆಚ್ಚು ಹುಷಾರಿದ್ದೆ ನೋಡ್ರಿ."

೩. ಓದಿದವನು

ಓದು ಬರಹ ಇಲ್ಲದವರ ಪಾಡು ಇದು, ಓದಿದವರಿಗೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಪಿಜಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಇಂಜಿನಿಯರ್ ಒಬ್ಬನಿದ್ದ. ಫೋನ್ ಹ್ಯಾಂಗ್ ಆಗಿದೆ ಅಂತ ತಂದ. ತೆರೆದು ನೋಡಿದರೆ ಹಾಳುಮೂಳು ಆ್ಯಪುಗಳ ಸಂತೆ. ಬಂದ ಲಿಂಕು ಒಂದನ್ನೂ ಬಿಟ್ಟಿರಲಿಲ್ಲ.

"ಏನ್ ಕೆಲ್ಸ ನಿಮ್ದು?"

"ಸೈಬರ್ ಸೆಕ್ಯುರಿಟಿ ಟೀಮ್ ಸಾರ್. ಇಂಥ ಲಿಂಕು ಒತ್ತಬಾರ್ದು ಅಂತ ಆಫೀಸಲ್ಲಿ ನಾವೇ ಎಲ್ರಿಗೂ ಹೇಳ್ತೀವಿ."

"ಮತ್ತೆ ನೀವ್ಯಾಕೆ ಒತ್ತಿದ್ರಿ?"

"ನಮ್ಮನ್ನ ಪರೀಕ್ಷೆ ಮಾಡೋಕೆ ಆಫೀಸಿನೋರೇ ಒಂದೊಂದ್ಸಲ ಸುಳ್ಳು ಲಿಂಕ್ ಕಳಿಸ್ತಾರೆ ಸಾರ್. ಒತ್ತಿ ಸಿಕ್ಕಿಬಿದ್ರೆ ಒಂದಿಡೀ ದಿನ ಟ್ರೇನಿಂಗ್ ಅಂತ ಎಸಿ ರೂಮಲ್ಲಿ ಕೂರಿಸಿ ಊಟ ಹಾಕ್ತಾರೆ. ಯಾವ್ದು ಆಫೀಸಿಂದು ಅಂತ ಗೊತ್ತಾಗಲ್ವಲ್ಲ, ಅದಕ್ಕೇ ಯಾವ್ದನ್ನೂ ಬಿಡಲ್ಲ."

ಗ್ಲಾಸ್ ಹಾಕಿಸಿಕೊಳ್ಳಿ ಅನ್ನುವ ಚೈತನ್ಯವೂ ನನಗೆ ಉಳಿಯಲಿಲ್ಲ.

೪. ಎಲ್ಲರಿಗೂ

ಕರಾರಿಗೆ ಸಹಿ ಹಾಕುವುದಕ್ಕೆ ನಾಲ್ಕೇ ದಿನ ಉಳಿದಿತ್ತು. ಬೇಗೂರಿನಲ್ಲಿ ನೆಂಟರ ಗೃಹಪ್ರವೇಶ ಅಂತ ಅಂಗಡಿ ಮುಚ್ಚಿ ಹೋಗಿದ್ದೆ. ಊಟದ ಎಲೆ ಮುಂದೆ ಕೂತಾಗ ಫೋನ್ ಕುಯ್ಯೆಂದಿತು. ಯಜಮಾನರ ನಂಬರಿನಿಂದ ಮೆಸೇಜು: ನಿಮ್ಮ ಬ್ಯಾಂಕ್ ಖಾತೆ ಇವತ್ತು ಸಂಜೆ ಬಂದ್ ಆಗುತ್ತದೆ, ತಪ್ಪಿಸಲು ಇಲ್ಲಿ ಒತ್ತಿ.

ಕೂಡಲೇ ಫೋನ್ ಮಾಡಿದೆ.

"ಯಜಮಾನ್ರೇ, ಒತ್ತಿದ್ರಾ?"

"ನಾನ್ಯಾಕೆ ಒತ್ಲಿ? ನಿಮ್ ಮಾತು ಮೀರಲ್ಲ. ಅಂಗಡಿ ಬಾಗ್ಲಾಕಿತ್ತು. ಅದಕ್ಕೆ ಒತ್ತೋ ಮುಂಚೆ ತೋರ್ಸೋಣ ಅಂತ ಕಳಿಸ್ದೆ."

"ಒಳ್ಳೇದು ಮಾಡಿದ್ರಿ."

"ನೀವು ನೋಡ್ತೀರೋ ಇಲ್ವೋ ಅಂತ ಪಿಜಿಯೋರಿಗೆಲ್ಲ ಕಳಿಸ್ದೆ. ಮೇಸ್ತ್ರಿಗೂ ಕಳಿಸ್ದೆ. ಫೋನಲ್ಲಿ ಯಾರ್ಯಾರಿದ್ರೋ ಎಲ್ರಿಗೂ ಕಳಿಸ್ದೆ. ಒಬ್ರಾದ್ರೂ ನೋಡಿ ಯೋಳ್ತಾರಲ್ಲ."

ಪಾಯಸ ಬಡಿಸುವ ಮುಂಚೆ ಎದ್ದೆ. ಅಂಗಡಿ ಮುಂದೆ ಪಿಜಿಯವರು ಫೋನ್ ಹಿಡಿದು ಸಾಲಾಗಿ ನಿಂತಿದ್ದರು. ಓನರು ಕಳಿಸಿದ್ದಾರೆ, ನೀರಿನ ಬಿಲ್ಲೋ ಏನೋ ಅಂತ ಓದದೆಯೇ ಒತ್ತಿದ್ದರು. ಇಂಜಿನಿಯರ್ ಎಲ್ಲರಿಗಿಂತ ಮೊದಲು ಒತ್ತಿದ್ದ. ಮೇಸ್ತ್ರಿ ಮಾತ್ರ ಮೆಸೇಜು ಅಳಿಸಿ, ಯಜಮಾನರ ನಂಬರನ್ನೂ ಅಳಿಸಿ, ನೆಮ್ಮದಿಯಾಗಿ ಗಾರೆ ಕಲಸುತ್ತಿದ್ದ.

ಇವರದ್ದು ಇರಲಿ, ನನಗೆ ಇದ್ದದ್ದು ಒಂದೇ ಖಾತೆಯ ಚಿಂತೆ. ಯಜಮಾನರ ಮನೆಗೆ ಓಡಿದೆ. ಅಮ್ಮ ಜಗಲಿಯಲ್ಲಿ ತಮ್ಮ ಫೋನ್ ಹಿಡಿದು ಕೂತಿದ್ದರು. ಲಿಂಕ್ ಒತ್ತಿಯಾಗಿತ್ತು. ತೆರೆದುಕೊಂಡ ಪುಟದಲ್ಲಿ ಗಂಡನ ಹೆಸರು, ಖಾತೆಯ ನಂಬರು ಎಲ್ಲ ತುಂಬಿ, ಎಟಿಎಂ ಕಾರ್ಡಿನ ನಂಬರು ಕೇಳಿದಲ್ಲಿ ನಿಂತಿದ್ದರು. ಕಾರ್ಡು ಯಜಮಾನರ ಜೇಬಿನಲ್ಲಿತ್ತು. ಅವರು ಬರಲಿ ಅಂತ ಕಾಯುತ್ತಿದ್ದರು.

ಫೋನ್ ಕಿತ್ತುಕೊಂಡು ಆ ಪುಟ ಮುಚ್ಚಿದೆ, ಬ್ಯಾಂಕಿಗೆ ಫೋನ್ ಮಾಡಿ ಕಾರ್ಡು ಬಂದ್ ಮಾಡಿಸಿದೆ. ಒಂದು ಪೈಸೆಯೂ ಹೋಗಿರಲಿಲ್ಲ. ಉಸಿರು ಬಂದ ಮೇಲೆ ಕೇಳಿದೆ.

"ಅಮ್ಮಾ, ಒತ್ತಬಾರ್ದು ಅಂತ ನನಗೇ ಷರತ್ತು ಹಾಕಿದೋರು ನೀವು. ನೀವೇ ಹಿಂಗೆ ಒತ್ತೋದಾ?"

ಆ ಅಮ್ಮ ಸೆರಗು ಸರಿ ಮಾಡಿಕೊಂಡರು. "ಏನ್ ಮಾಡ್ಲಿ ಸೆಟ್ರೇ. ಮದ್ವೆಯಾಗಿ ಮೂವತ್ತು ವರ್ಷ ಆಯ್ತು. ನನಗೆ ಅಂತ ಅವ್ರು ಬರ್ದು ಕಳಿಸಿದ್ದು ಇದೊಂದೇ. ಒತ್ತದೆ ಎಂಗಿರ್ಲಿ?"

ಅಷ್ಟರಲ್ಲಿ ಗೇಟಿನೊಳಗೆ ಬಂದ ಯಜಮಾನರು ಅದನ್ನು ಕೇಳಿಸಿಕೊಂಡು, "ನಿಂಗೆ ಅಂತ ಅಲ್ಲ ಕಣೇ, ಎಲ್ರಿಗೂ ಕಳಿಸಿದ್ದು," ಅಂದರು.

ಅಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ಕರಾರಿಗೆ ಹೇಳಿದ ದಿನವೇ ಸಹಿ ಬಿತ್ತು, ಇನ್ನೈದು ವರ್ಷ. ಯಜಮಾನರು ಮಾತ್ರ ಅವತ್ತಿನಿಂದ ಪಿಜಿಯಲ್ಲಿ ಖಾಲಿ ಇದ್ದ ಒಂದು ಮಂಚದ ಮೇಲೆ ಮಲಗುತ್ತಿದ್ದರು. ಅವರಿಗೆ ಎಷ್ಟು ದಿನದ ಕರಾರು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.