ಒಂದು ರೊಟ್ಟಿ ತಡವಾಗಿ ಬಂದ ಉತ್ತರ

ತಾಂಡೂರಿನ ಮುನ್ಸಿಫ್ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುವುದು ನನ್ನ ಕಸುಬಾಗಿತ್ತು. ನಿಜಾಮರ ಕಾಲ. ಕಚೇರಿಯ ಕಾಗದವೆಲ್ಲ ಉರ್ದು, ಬರುವವರ ಬಾಯೆಲ್ಲ ಕನ್ನಡ, ತೆಲುಗು, ನಡುವೆ ನಾನು. ಅದೇನು ಗ್ರಹಚಾರವೋ, ತಲೆಗೆ ಪೆಟ್ಟು ತಿಂದವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಒಬ್ಬನಿಗೆ ಬರೆದುಕೊಟ್ಟರೆ ಅವನು ಇನ್ನಿಬ್ಬರನ್ನು ಕಳಿಸುತ್ತಿದ್ದ. "ಪೆಟ್ಟು ಬಿದ್ದದ್ದು ಅವರ ತಲಿಗಿ, ನಿಮ್ಮ ತಲಿ ಯಾಕ ಕೆಡಸ್ಕೋತೀರಿ?" ಎಂದು ನಮ್ಮ ಮನೆಯಾಕೆ ಬೈಯುತ್ತಿದ್ದಳು. ಅವಳಿಗೇನು ಗೊತ್ತು, ಕಚೇರಿಯಲ್ಲಿ ಎಡವಟ್ಟು ಮಾಡುತ್ತಿದ್ದವರೆಲ್ಲ ತಲೆ ನೆಟ್ಟಗಿದ್ದವರೇ!

ಪಾಠ ಮರೆತ ಸಾಕ್ಷಿ

ಕಲ್ಹೇರ್ ಕಡೆಯವನೊಬ್ಬ ಹುಣಸೆ ಮರದಿಂದ ಬಿದ್ದಿದ್ದ. ಹಳೆಯದೆಲ್ಲ ನೆನಪಿತ್ತು, ಬೆಳಗ್ಗೆ ಕೇಳಿದ್ದು ಮಧ್ಯಾಹ್ನಕ್ಕೆ ನಿಲ್ಲುತ್ತಿರಲಿಲ್ಲ. ಊರಿನ ಒಂದು ಗೋಡೆ ಜಗಳಕ್ಕೆ ಅವನೇ ಸಾಕ್ಷಿ. ಅವನನ್ನು ಸಮಾಧಾನದಿಂದ ಕೇಳಬೇಕೆಂದು ಅರ್ಜಿ ಬರೆದು, ನಾರಾಯಣಖೇಡದ ಕಚೇರಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಅವನನ್ನು ಕರೆಸಿದ್ದ ವಕೀಲರು ಹೊರಗೆ ಕಟ್ಟೆಯ ಮೇಲೆ ಕೂರಿಸಿ, ಗೋಡೆ ಹೀಗೆ, ಕಟ್ಟಿದವರು ಇಂಥವರು ಎಂದು ಗಂಟೆಗಟ್ಟಲೆ ಪಾಠ ಹೇಳಿದರು.

ಒಳಗೆ ಹೋದ ಮೇಲೆ ಅದೇ ವಕೀಲರು ಗತ್ತಿನಿಂದ ಕೇಳಿದರು, "ಗೋಡಿ ಕಟ್ಟಿದವರು ಯಾರು?"

ಅವನು ತಲೆ ಕೆರೆದುಕೊಂಡು ಕೈ ಮುಗಿದ. "ವಕೀಲ ಸಾಬ್, ಮುಂಜಾನಿ ನೀವು ಕಲಿಸಿದ್ದು ಪೂರಾ ಮರ್ತೀನ್ರಿ. ಈಗ ಖರೇದ್ದೇ ಹೇಳಬೇಕಾಗ್ಯಾದ."

ಜೋಳದ್ದೋ ಗೋಧಿಯದೋ

ನನ್ನನ್ನು ನಿಜವಾಗಿ ಕಾಡಿದವನು ಧಾರೂರು ಕಡೆಯ ಒಬ್ಬ ರೈತ. ಗಾಡಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಏರಿಸುವಾಗ ಅದರ ಅಂಚು ಅವನ ತಲೆಗೆ ಬಡಿದಿತ್ತು. ಅವನ ದೊಡ್ಡಪ್ಪನ ಮಗ ಆಗಲೇ ಮುನ್ಸಿಫರಿಗೆ ಅರ್ಜಿ ಕೊಟ್ಟಿದ್ದ: ಇವನ ತಲೆ ಕೆಟ್ಟಿದೆ, ಆದ್ದರಿಂದ ಹೊಲ ನನ್ನ ಕೈಗೆ ಬರಬೇಕು, ಇದಕ್ಕೆ ಇವನೇ ಪಟೇಲರ ಎದುರಿಗೆ ಒಪ್ಪಿದ್ದಾನೆ. ತಲೆ ಕೆಟ್ಟಿತ್ತಂತೆ, ಒಪ್ಪಿಗೆ ಮಾತ್ರ ಕೆಟ್ಟಿರಲಿಲ್ಲವಂತೆ! ಆ ಕುಟುಂಬಕ್ಕೆ ಇದ್ದದ್ದು ಅದೊಂದೇ ಹೊಲ.

ರೈತ ಹೆಂಡತಿಯ ಜೊತೆ ಬಂದು ನನ್ನ ಮುಂದೆ ಕೂತ.

"ನಿಮ್ಮ ಹೆಸರೇನ್ರಿ?" ಎಂದೆ. ಉತ್ತರವಿಲ್ಲ. "ಮಕ್ಕಳೆಷ್ಟು?" ಎಂದೆ. ತನ್ನ ಹೆಸರು ಹೇಳಿದ. "ಎತ್ತು ಎಷ್ಟವ?" ಎಂದೆ.

"ಮೂರು ಹೆಣ್ಣು, ಒಂದು ಗಂಡು ರೀ."

ನಾನು ಲೇಖನಿ ಕೆಳಗಿಟ್ಟೆ. ಹೆಂಡತಿ ನಕ್ಕಳು. "ಒಂದೇ ಕೇಳ್ರಿ, ಕೇಳಿ ಸುಮ್ಮ ಕೂಡ್ರಿ. ನಾ ಕೇಳಿ ಒಂದು ರೊಟ್ಟಿ ಬಡಿತೀನಿ. ರೊಟ್ಟಿ ಹಂಚಿಗಿ ಬೀಳೋದ್ರಾಗ ಉತ್ತರ ಬರ್ತದ."

"ಮತ್ತ ಪಟೇಲರ ಮುಂದ ಒಪ್ಪಿದ್ದು?"

"ನಾ ಮನ್ಯಾಗ ಇದ್ದಿಲ್ರಿ. ಬಾಜೂ ಮನಿಯಾಕಿ ಕೇಳ್ಯಾಳ. ನಮ್ಮ ಮೈದುನ, ಅದೇ ಅರ್ಜಿ ಕೊಟ್ಟಾವ, ಪಟೇಲರ್ನ ಕರ್ಕೊಂಡು ಬಂದು 'ಅಣ್ಣಾ, ಊಟ ಆತೇನು? ಹೊಲಾ ನನಗ ಕೊಡ್ತೀ?' ಅಂತ ಒಂದೇ ಉಸುರಿಗಿ ಕೇಳ್ಯಾನ. ಇವರು 'ಹೂಂ' ಅಂದಾರ. ಅಂದದ್ದೇ ತಡ, ಇಬ್ಬರೂ ಎದ್ದು ಹೋಗ್ಯಾರ."

ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲೇ ಬರೆದೆ: ಇವನನ್ನು ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕು, ಆಮೇಲೆ ಒಂದು ರೊಟ್ಟಿ ಬಡಿಯುವಷ್ಟು ಹೊತ್ತು ಕಾಯಬೇಕು. ಮುನ್ಸಿಫರ ಮುಂದೆ ಕಾಗದ ಇಡುವ ಪೇಶಕಾರರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ಸರಿಮಾಡಿಕೊಂಡು ಮರಳಿಸಿದರು.

"ಹಿಂಗ ಬರದರ ನಡೀದು. ಜ್ವಾಳದ್ದೋ ಗೋಧೀದೋ, ಸಾಫ್ ಬರೀರಿ."

ಬರಿದಲೆ

ಮುನ್ಸಿಫರ ಮುಂದೆ ಬರಿದಲೆಯಲ್ಲಿ ನಿಲ್ಲುವಂತಿರಲಿಲ್ಲ. ಟೋಪಿಯೋ ರುಮಾಲೋ ಇರಲೇಬೇಕು. ನಮ್ಮ ರೈತನ ತಲೆಯ ಮೇಲಿದ್ದದ್ದು ನಾಲ್ಕು ಬೆರಳಗಲದ ಗಾಯದ ಪಟ್ಟಿ. ಬಾಗಿಲ ಚಪರಾಸಿ ಅಡ್ಡಗೈ ಹಾಕಿದ. "ರುಮಾಲಿಲ್ಲದ ಒಳಗ ಬಿಡಂಗಿಲ್ಲ."

ನಾನು ನನ್ನ ರುಮಾಲು ಬಿಚ್ಚಿ ಪಟ್ಟಿಯ ಮೇಲೆ ಹಗುರವಾಗಿ ಸುತ್ತಿದೆ. ಗಾಯಕ್ಕೆ ಒತ್ತಬಾರದೆಂದು ಸುತ್ತುತ್ತ ಹೋದರೆ ಅದು ಬುಟ್ಟಿಯಷ್ಟಾಯಿತು. ಚಪರಾಸಿ ಬೆದರಿ ಅವನಿಗೆ ಸಲಾಮು ಹೊಡೆದು ದಾರಿ ಬಿಟ್ಟ. ಹಿಂದೆಯೇ ಹೊರಟ ನನ್ನನ್ನು ತಡೆದ. "ನಿಮ್ಮ ರುಮಾಲೆಲ್ಲಿ?"

ಮಾಡುವುದೇನು! ಅರ್ಜಿಗಳ ಗಂಟು ಬಿಚ್ಚಿ, ಅದಕ್ಕೆ ಕಟ್ಟಿದ್ದ ಕೆಂಪು ಬಟ್ಟೆಯನ್ನೇ ತಲೆಗೆ ಸುತ್ತಿಕೊಂಡು, ಕಾಗದಗಳನ್ನು ಬಗಲಿಗೆ ಅವುಚಿಕೊಂಡು ಓಡಿದೆ.

ಮುನ್ಸಿಫ್ ಸಾಹೇಬರು ನಮ್ಮಿಬ್ಬರನ್ನೂ ಸಾವಕಾಶವಾಗಿ ನೋಡಿ ಪೇಶಕಾರರನ್ನು ಕೇಳಿದರು, "ಇವರಲ್ಲಿ ತಲೆಗೆ ಪೆಟ್ಟು ಬಿದ್ದವರು ಯಾರು?"

ಇವತ್ತು ಯಾವ ತಾರೀಖು

ದೊಡ್ಡಪ್ಪನ ಮಗನ ವಕೀಲರು ಎದ್ದರು. ಇವನ ತಲೆ ಕೆಟ್ಟಿರುವುದನ್ನು ಒಂದೇ ಮಾತಿನಲ್ಲಿ ತೋರಿಸುತ್ತೇನೆಂದು ರೈತನ ಕಡೆ ತಿರುಗಿದರು. "ಇವತ್ತು ಯಾವ ತಾರೀಖು?"

ರೈತ ಸುಮ್ಮನೆ ನಿಂತ. ಅವನ ಹೆಂಡತಿ ಸೆರಗಿನ ಮರೆಯಲ್ಲಿ ರೊಟ್ಟಿ ಬಡಿಯುವಂತೆ ಕೈಯಾಡಿಸುತ್ತ ನನಗೆ ಸನ್ನೆ ಮಾಡಿದಳು, ತಾಳ್ರಿ ಎಂದು.

"ನೋಡಿದಿರಾ! ಬಹಮನ್ ಇಪ್ಪತ್ತಮೂರು ಅಂತ ಹೇಳಲಿಕ್ಕೆ ಬರುವುದಿಲ್ಲ" ಎಂದರು ವಕೀಲರು.

"ಇಪ್ಪತ್ತನಾಲ್ಕು" ಎಂದರು ಪೇಶಕಾರರು. ಸರಕಾರದ ಫಸಲಿ ಲೆಕ್ಕದ ಬಹಮನ್ ತಿಂಗಳ ದಿನಗಳನ್ನು ಇಬ್ಬರೂ ಬೆರಳಲ್ಲಿ ಎಣಿಸತೊಡಗಿದರು. ಬಾಗಿಲಿನಿಂದ ಚಪರಾಸಿ, ಚಂದ್ರ ಕಂಡು ಹನ್ನೊಂದು ದಿನ ಆಯಿತು, ಅದೇ ತಾರೀಖು ಎಂದ. ಪಟೇಲರು ಪುಷ್ಯ ಶುದ್ಧ ದ್ವಾದಶಿ ಎಂದರು. ಸಾಕ್ಷಿಗೆ ಬಂದಿದ್ದ ಡಾಕ್ಟರರು ಡಿಸೆಂಬರು ಎಂದರು. ಕಚೇರಿ ಗದ್ದಲವಾಯಿತು.

ಆಗ ನಮ್ಮ ರೈತ ಬಾಯಿಬಿಟ್ಟ. "ಇವತ್ತ ಸಂತಿ ರೀ. ನಾಳಿಗಿ ಜುಮ್ಮಾ, ಕಚೇರಿ ಸೂಟಿ."

ತಕರಾರೆತ್ತಲು ಯಾರಿಗೂ ಜಾಗ ಸಿಗಲಿಲ್ಲ. ಮುನ್ಸಿಫರು ಹೇಳಿದರು, "ಇದೊಂದೇ ಬರೆದುಕೊಳ್ಳಿ."

ಊಟ ಆತೇನು

ಆದರೂ ಪಟೇಲರು ತಮ್ಮ ಮಾತು ಬಿಡಲಿಲ್ಲ. "ನನ್ನ ಕಿವಿಲೇ ಕೇಳೀನ್ರಿ. ಹೂಂ ಅಂದಾನ." ದೊಡ್ಡಪ್ಪನ ಮಗ ಮೀಸೆಯ ಮೇಲೆ ಕೈಯಿಟ್ಟ.

ಮುನ್ಸಿಫರು ನನ್ನ ರೊಟ್ಟಿಯ ಅರ್ಜಿಯನ್ನು ಮತ್ತೊಮ್ಮೆ ಓದಿದರು. ಹೈದರಾಬಾದಿನವರು, ಈ ಸೀಮೆಗೆ ಬಂದು ಒಂದಿಷ್ಟು ಕನ್ನಡ ಕಲಿತಿದ್ದರು. ರೈತನ ಕಡೆ ಬಾಗಿ ಒಂದೇ ಉಸಿರಿನಲ್ಲಿ ಕೇಳಿದರು, "ಊಟ ಆತೇನು? ನಿಮ್ಮ ಹೊಲಾ ನನಗ ಕೊಡ್ತೀರಿ?"

ರೈತನ ಹೆಂಡತಿ ಸೆರಗಿನ ಮರೆಯಲ್ಲಿ ಮತ್ತೆ ರೊಟ್ಟಿ ಬಡಿಯತೊಡಗಿದಳು.

"ಹೂಂ ರೀ" ಎಂದ ರೈತ.

ಮುನ್ಸಿಫರು ಕುರ್ಚಿಗೆ ಒರಗಿ ದೊಡ್ಡಪ್ಪನ ಮಗನನ್ನು ನೋಡಿದರು. "ಹಾಗಾದರೆ ಹೊಲ ನಿನ್ನದಲ್ಲವಪ್ಪ. ಇಷ್ಟು ಜನರ ಎದುರಿಗೆ ನನಗೆ ಕೊಟ್ಟಾಯಿತು."

ಪಟೇಲರೇ ಮೊದಲು ನಕ್ಕರು. ಆಮೇಲೆ ಇಡೀ ಕಚೇರಿ ನಕ್ಕಿತು. ಅರ್ಜಿ ವಜಾ ಆಯಿತು. ರೈತನ ಹೆಂಡತಿ ಅಳುತ್ತ ನಗುತ್ತ ಗಂಡನ ಕೈ ಹಿಡಿದು ಹೊರಗೆ ನಡೆಸಿದಳು. ನನ್ನ ಕಣ್ಣಲ್ಲೂ ನೀರು ಬಂತು, ಕೆಂಪು ಬಟ್ಟೆಯ ತುದಿಯಿಂದ ಒರೆಸಿಕೊಂಡೆ.

ಬೇವಿನ ಮರ ಮುಟ್ಟುವಷ್ಟರಲ್ಲಿ ರೈತ ಗಕ್ಕನೆ ನಿಂತ. ಹೆಂಡತಿಯ ಕೈ ಬಿಡಿಸಿಕೊಂಡು ಬಿರಬಿರನೆ ಹಿಂದಿರುಗಿದ. ಬುಟ್ಟಿಯಷ್ಟು ರುಮಾಲು ಕಂಡು ಚಪರಾಸಿ ಮತ್ತೆ ಸಲಾಮು ಹೊಡೆದ. ನಾನು ಹಿಂದೆ ಓಡಿ ಬಾಗಿಲು ಮುಟ್ಟುವುದರೊಳಗೆ ಅವನು ಮುನ್ಸಿಫರ ಎದುರು ನಿಂತಾಗಿತ್ತು.

"ಕೊಡಂಗಿಲ್ರಿ ಸಾಹೇಬ್ರ," ಎಂದ ಗಟ್ಟಿಯಾಗಿ. "ನಿಮಗೂ ಕೊಡಂಗಿಲ್ಲ."