ತೆರಿಗೆಯಿಲ್ಲದ ಖಾತೆಗೆ ನಾನು ಅಲೆದದ್ದು

ಹದಿನಾರು ವರ್ಷದಿಂದ ಒಮಾನಿನ ಮತ್ರಾ ಬಂದರಿನ ಶಿಪ್ಪಿಂಗ್ ಆಫೀಸೊಂದರಲ್ಲಿ ಗುಮಾಸ್ತ ನಾನು. ಬೇರೆಯವರ ಕಂಟೇನರ್ ಒಂದೂ ತಪ್ಪಿಹೋಗಿಲ್ಲ. ನನ್ನ ಸ್ವಂತ ಕಾಗದಪತ್ರ ಮುಟ್ಟಿದರೆ ಮಾತ್ರ ಏನಾದರೊಂದು ಎಡವಟ್ಟು ಗ್ಯಾರಂಟಿ. ಈ ಸಲದ್ದು ಮಗಳ ಕಾಲೇಜಿಗೆಂದು ಕೂಡಿಟ್ಟ ಹಣದ್ದು.

ಚರ್ಚಿನ ಅಂಗಳ

ಇಲ್ಲಿ ವಾರದ ರಜೆ ಶುಕ್ರವಾರ; ಅವತ್ತಿನ ಪೂಜೆ ಮುಗಿದು ಚಾ ಕುಡಿಯುವಾಗ ಉಡುಪಿಯ ದೋಸ್ತಿ ಕೇಳಿದ, "ಊರಿಗೆ ಕಳಿಸುವ ದುಡ್ಡು ಯಾವ ಖಾತೆಗೆ ಹಾಕುದು ನೀನು?"

"ಎಂತ, ಹಳೇ ಉಳಿತಾಯ ಖಾತೆಗೆ. ಮದುವೆಗೆ ಮುಂಚೆ ಮಾಡಿದ್ದು."

"ಅಯ್ಯೋ ಮಾರಾಯಾ! ಹೊರದೇಶದಲ್ಲಿ ಇರುವವರು ಅದನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ. ಬಡ್ಡಿಗೆ ತೆರಿಗೆ, ಮೇಲಿಂದ ದಂಡ. ಅನಿವಾಸಿಗಳ ಎನ್‌ಆರ್‌ಇ ಖಾತೆ ಮಾಡಬೇಕಿತ್ತು, ಅದರ ಬಡ್ಡಿಗೆ ಊರಲ್ಲಿ ತೆರಿಗೆಯೇ ಇಲ್ಲ!"

ನಾನು ಯಾವ ಬ್ಯಾಂಕು ಒಳ್ಳೆಯದು ಎಂದು ಕೇಳಿದ್ದೇ ತಪ್ಪು, ಅಂಗಳವಿಡೀ ಸುತ್ತ ಸೇರಿತು. ಒಬ್ಬನಂತೂ ಅರ್ಧ ಗಂಟೆ ಒಂದೇ ಬ್ಯಾಂಕನ್ನು ಹೊಗಳಿದ. ಬಡ್ಡಿ ಎಷ್ಟು ಕೊಡ್ತಾರೆ ಎಂದೆ.

"ಅದು ಗೊತ್ತಿಲ್ಲ. ಕ್ಯಾಲೆಂಡರ್ ಭಾರಿ ಲಾಯ್ಕ ಉಂಟು. ತೆನೆಹಬ್ಬ ಕೆಂಪಕ್ಷರದಲ್ಲಿ ಹಾಕ್ತಾರೆ."

ಗುಟ್ಟು

ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ಪ್ರತಿ ತಿಂಗಳು ಎಕ್ಸ್‌ಚೇಂಜಿಗೆ ಹೋಗಿ ದುಡ್ಡು ಕಳಿಸುವವಳು ಅವಳು. ಖಾತೆ ಇದೇ ಎಂದು ಮೊದಲು ಬರೆದುಕೊಟ್ಟವನು ನಾನು. ಮಗಳ ಫೀಸು ನನ್ನಿಂದಲೇ ಕರಗಿತು ಎಂದು ಹೇಗೆ ಹೇಳಲಿ? ನಾಲ್ಕು ಬ್ಯಾಂಕಿನ ಫಾರ್ಮು ತಂದು ಬಚ್ಚಲುಮನೆಯಲ್ಲಿ ಕೂತು ಓದಿದೆ. ಮಗಳು ಹಿಡಿದುಬಿಟ್ಟಳು.

"ಪಪ್ಪಾ, ಜಸ್ಟ್ ಆಸ್ಕ್ ಮಮ್ಮಾ."

"ಶ್! ಅವಳಿಗೆ ಗೊತ್ತಾದ್ರೆ ನಾನು ಖಲಾಸ್."

ಬಾಯಿ ಮುಚ್ಚಲು ವಾರಕ್ಕೆ ಮೂರು ಶವರ್ಮಾ ಎಂದು ಒಪ್ಪಂದವಾಯಿತು. ಸಂಬಳಕ್ಕೆ ತೆರಿಗೆ ಇಲ್ಲದ ದೇಶದಲ್ಲಿ ತೆರಿಗೆ ಕಟ್ಟುತ್ತಿದ್ದವನು ನಾನೊಬ್ಬನೇ.

ಮೀನಿನ ರೇಟು

ಕೊನೆಗೆ ಹಳೇ ಖಾತೆ ಇದ್ದ ಬ್ಯಾಂಕನ್ನೇ ಆರಿಸಿದೆ. ಗುರುತಿನವರು, ದಂಡದಲ್ಲಿ ಸ್ವಲ್ಪವಾದರೂ ಬಿಟ್ಟಾರು ಎಂಬ ಆಸೆ. ಅವರ ಅಧಿಕಾರಿಯೊಬ್ಬರು ಗಲ್ಫಿನ ಗ್ರಾಹಕರನ್ನು ನೋಡಲು ಊರಿಂದ ಇಲ್ಲಿಯ ಹೋಟೆಲೊಂದಕ್ಕೆ ಬಂದಿದ್ದರು. ಆಫೀಸಿನ ಕೆಲಸ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋದೆ. ಪಾಸ್‌ಪೋರ್ಟ್ ನಂಬರ್ ಒತ್ತಿ ಅವರು ನನ್ನ ಮುಖ ನೋಡಿದರು.

"ಸರ್, ನಿಮ್ಮದು ಎನ್‌ಆರ್‌ಇ ಖಾತೆ ಆರು ವರ್ಷದಿಂದ ಉಂಟಲ್ಲ? ಹಣವೆಲ್ಲ ಅದರಲ್ಲೇ ಉಂಟು. ಹಳೆಯದನ್ನೂ ಆಗಲೇ ಸರಿ ಮಾಡಿ ಆಗಿದೆ. ಸೈನ್ ನೋಡಿ, ನಿಮ್ಮದೇ."

ನನ್ನದೇ! ಫೋನ್ ನಂಬರ್ ಮಾತ್ರ ಹೆಂಡತಿಯದ್ದು. ಅಬ್ಬಾ, ಹೋದ ಜೀವ ಬಂದ ಹಾಗಾಯಿತು. ಆ ಅಧಿಕಾರಿಯ ಕೈ ಹಿಡಿದು ಎಷ್ಟು ಕುಲುಕಿದೆನೋ ನನಗೇ ಗೊತ್ತಿಲ್ಲ.

ಮನೆಗೆ ಬಂದಾಗ ಅವಳು ಅಂಜಲ್ ಮೀನಿಗೆ ಮಸಾಲೆ ಹಚ್ಚುತ್ತಿದ್ದಳು. ಎನ್‌ಆರ್‌ಇ ಖಾತೆ ಯಾವಾಗ ಮಾಡಿದ್ದು ಎಂದು ಕೇಳಿಯೇಬಿಟ್ಟೆ.

"ಆರು ವರ್ಷದ ಹಿಂದೆ ಊರಿಗೆ ಹೋದ ರಜೆಯಲ್ಲಿ ನಿಮ್ಮನ್ನು ಬ್ಯಾಂಕಿಗೆ ಕರಕೊಂಡು ಹೋಗಿದ್ದೆನಲ್ಲ?" ಎಂದಳು. "ಇಲ್ಲಿ, ಇಲ್ಲಿ ಅಂತ ನಾನು ತೋರಿಸಿದೆ. ನೀವು ಮ್ಯಾನೇಜರ್ ಹತ್ರ ಮೀನಿನ ರೇಟು ಮಾತಾಡ್ತಾ ಸೈನ್ ಹಾಕಿದ್ರಿ."

"ಹೇಳಬಾರದಿತ್ತಾ ಮಾರಾಯ್ತಿ?"

"ಹೇಳಿದ್ರೆ ನೀವು ಚರ್ಚಿನ ಅಂಗಳದಲ್ಲಿ ಕೇಳ್ತಿದ್ರಿ. ಇವತ್ತಿಗೂ ಬ್ಯಾಂಕ್ ಆರಿಸ್ತಾ ಇರ್ತಿದ್ದೆವು."

ಸೋತೆ, ಆದರೆ ಇಷ್ಟು ಸಂತೋಷದಿಂದ ಎಂದೂ ಸೋತಿರಲಿಲ್ಲ. ಕೈ ತೊಳೆಯಲು ತಿರುಗಿದೆ.

"ಅದಿರಲಿ, ಇವತ್ತು ಶವರ್ಮಾ ಎಲ್ಲಿ?" ಎಂದಳು. "ಮೂರರಲ್ಲಿ ಒಂದೂವರೆ ನನ್ನದು."