ನನ್ನ ಕಾಲಿನ ಬ್ರೇಕು

ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನಿಗೆ ಈ ಕೆಳಗಿನಂಥ ಪ್ರಸಂಗಗಳು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಜಯನಗರದಲ್ಲಿ ಇಪ್ಪತ್ತಾರು ವರ್ಷ ಕಾರು ಕಲಿಸಿದವನು ನಾನು. ನಮ್ಮ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ. ಹೇಳಬೇಕಿತ್ತು.

೧. ಗೇಟಿನ ಕಂಬ

ರಿಟೈರ್ಡ್ ಆಫೀಸರ್ ಒಬ್ಬರು ಕಲಿಯೋಕೆ ಬರುತ್ತಿದ್ದರು. ಗಾಡಿ ನೆಟ್ಟಗೆ ಹೋದರೆ ತಮ್ಮ ಕೈಗುಣ ಅನ್ನೋರು, ಆಫ್ ಆದರೆ ಪೆಟ್ರೋಲ್ ಸರಿಯಿಲ್ಲ ಅನ್ನೋರು. ಒಂದು ಬೆಳಿಗ್ಗೆ ತಮ್ಮದೇ ಮನೆ ಗೇಟಿನ ಕಂಬಕ್ಕೆ ಕಾರು ಉಜ್ಜಿಬಿಟ್ಟರು. ನಾನು ಬ್ರೇಕ್ ಒತ್ತುವುದು ಚೂರು ತಡವಾಗಿತ್ತು, ಒಪ್ಪಿಕೊಳ್ಳೋಣ ಅಂತ ಬಾಯಿ ತೆರೆದೆ. ಅವರು ಇಳಿದು ಕಂಬವನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಮೂವತ್ತು ವರ್ಷದ ಹಿಂದೆ ಇದನ್ನ ಕಟ್ಟಿದ ಮೇಸ್ತ್ರಿ ತಪ್ಪು ಕಣ್ರೀ."

೨. ಎಳನೀರು

ಬಿಟಿಎಂನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಹುಡುಗಿ ಸ್ಟೇರಿಂಗ್ ಹಿಡಿದರೆ ನಡುಗುತ್ತಿದ್ದಳು. ಮೊದಲ ವಾರವೇ ಒಂದು ನಾಯಿ ಅಡ್ಡ ಬಂತು. ನಾನು ಬ್ರೇಕ್ ಒತ್ತಿದೆ, ಗಾಡಿ ನಿಂತಿತು. ತಾನೇ ನಿಲ್ಲಿಸಿದೆ ಅಂತ ಅವಳ ಮುಖ ಅರಳಿತು. ಆ ಖುಷಿ ಕೆಡಿಸಲು ಮನಸ್ಸಾಗದೆ ಶಭಾಷ್ ಅಂದೆ. ಆಮೇಲೂ ತಿಂಗಳಿಡೀ ನಾನೇ ಒತ್ತುತ್ತ, ಹಾಗೇ ಅನ್ನುತ್ತ ಹೋದೆ.

ಟೆಸ್ಟೂ ನಮ್ಮ ಗಾಡಿಯಲ್ಲೇ, ಪಕ್ಕದಲ್ಲಿ ನಾನೇ; ಲೈಸೆನ್ಸ್ ಬಂತು, ಹಳೇ ಕಾರು ಕೊಂಡಳು. ಎರಡನೇ ದಿನ ಅರೆಕೆರೆಯಿಂದ ಅವಳ ಫೋನು. ರಸ್ತೆ ಬದಿಯ ಎಳನೀರಿನ ರಾಶಿಗೆ ನುಗ್ಗಿಸಿದ್ದಳು. ಪುಣ್ಯಕ್ಕೆ ಯಾರಿಗೂ ಏಟಾಗಿರಲಿಲ್ಲ.

"ಸರ, ನಾ ಒತ್ತಬೇಕು ಅನ್ನೂದ್ರಾಗ ನಿಮ್ಮ ಗಾಡಿ ನಿಂತುಬಿಡ್ತಿತ್ತು. ಈ ಗಾಡಿಗೆ ತಿಳಿಯಂಗಿಲ್ರಿ."

ಓಡಿಹೋಗಿ ನಿಜ ಹೇಳಿದೆ. ಅವಳು ಬೈಯಲಿಲ್ಲ. "ಹಂಗಾದ್ರ ನಾ ಒಂದು ಸಲನೂ ನಿಲ್ಲಿಸಿಲ್ಲೇನ್ರಿ?" ಅಂದಳು. ಬೈದಿದ್ದರೇ ವಾಸಿಯಿತ್ತು.

೩. ಹೆಂಡತಿ

ವರ್ಷಗಳ ಹಿಂದೆ ಇವಳಿಗೂ ಕಾರು ಕಲಿಸಲು ಹೊರಟಿದ್ದೆ. ಅವಳಿಗೇನಾದರೂ ಆದೀತೆಂಬ ಭಯಕ್ಕೆ ಹೆಜ್ಜೆಹೆಜ್ಜೆಗೂ ನನ್ನ ಬ್ರೇಕ್ ಒತ್ತುತ್ತಿದ್ದೆ, ಗಾಡಿ ಆಫ್ ಆಗುತ್ತಿತ್ತು. ಹತ್ತೇ ದಿನಕ್ಕೆ "ನನ್ನ ಕೈಲಿ ಆಗಲ್ಲ ಬಿಡಿ" ಅಂತ ಬಿಟ್ಟುಬಿಟ್ಟಳು. ನನ್ನ ಕಾಲಿನ ವಿಷಯ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಮೊನ್ನೆ, ನಾನು ಕೆಲಸ ಬಿಟ್ಟ ಮೇಲೆ, ಗಿರಿನಗರದಲ್ಲಿ ಒಬ್ಬ ಮೇಡಂ ಹತ್ತಿರ ನನಗೆ ಹೇಳದೇ ಕಲಿತು ಬಂದಳು. ಮನೆಯ ಕಾರಿನಲ್ಲಿ ಅವಳ ಪಕ್ಕ ಕೂತು ನೋಡಿದೆ, ಅಲ್ಲಿ ಬ್ರೇಕ್ ಇಲ್ಲದಿದ್ದರೂ ನನ್ನ ಕಾಲು ನೆಲ ಒತ್ತುತ್ತಲೇ ಇತ್ತು; ಗಾಡಿ ಒಂದು ಸಲವೂ ಆಫ್ ಆಗಲಿಲ್ಲ. ಬನಶಂಕರಿ ಸಿಗ್ನಲ್ಲಿನಲ್ಲಿ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಅವಳು ಸಿಗ್ನಲ್ ದಾಟಿ ಗಾಡಿ ಪಕ್ಕಕ್ಕೆ ಹಾಕಿದಳು.

"ಹನ್ನೆರಡು ವರ್ಷ ಬಸ್ಸಲ್ಲಿ ನಿಂತ್ಕೊಂಡು ಆಫೀಸಿಗೆ ಹೋದೆ, ನನಗೇ ಬುದ್ಧಿ ಸಾಲ್ದು ಅಂದ್ಕೊಂಡು. ಇಳೀರಿ."

ರಸ್ತೆಯಲ್ಲೇ ಬಿಟ್ಟುಹೋಗುತ್ತಾಳೆ, ಹೋಗಲಿ, ತಪ್ಪು ನನ್ನದೇ ಅಂದುಕೊಂಡು ಇಳಿದೆ. ಅವಳು ಹಿಂದಿನ ಬಾಗಿಲು ತೋರಿಸಿದಳು.

"ಅಲ್ಲಿ ಕೂತ್ಕೊಳ್ಳಿ. ಅಲ್ಲಿ ನಿಮ್ಮ ಕಾಲಿಗೆ ಕೆಲಸ ಇಲ್ಲ."